ಮೊದಲ ತುತ್ತು

ಬ್ಯಾಡಗಿ ಸೀಮೆಯಲ್ಲಿ ಮಂತ್ರಿ ಅಜ್ಜಪ್ಪನವರ ಸರಳತೆಯ ಬಗ್ಗೆ ಬಂದಷ್ಟು ಲೇಖನಗಳು ಅವರು ಕಟ್ಟಿಸಿದ ಕೆರೆಕಟ್ಟೆಗಳ ಬಗ್ಗೆ ಬಂದಿಲ್ಲ. ಕಟ್ಟಿಸಿದ್ದರೆ ತಾನೆ ಬರುವುದು ಎಂದು ಕೇಳುವವರೂ ಇದ್ದಾರೆ, ಅದು ಬೇರೆ ಮಾತು. ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮನೆಯ ಊಟವಿರಲಿ, ದಿಲ್ಲಿಯಿಂದ ಬಂದ ದೊಡ್ಡವರ ಔತಣವಿರಲಿ, ಎಲ್ಲರೂ ಬೆಳ್ಳಿ ತಟ್ಟೆಗೆ ಕೈ ಹಾಕುವಾಗ ಇವರು ಮಾತ್ರ ಬಿಳಿ ಅರಿವೆಯಲ್ಲಿ ಕಟ್ಟಿದ ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮುಂದಿಟ್ಟುಕೊಂಡು ಕೂತುಬಿಡುತ್ತಿದ್ದರು. ಫೋಟೊ ಮರುದಿನ ಪೇಪರಿನಲ್ಲಿ ಬರುತ್ತಿತ್ತು. ಮಂತ್ರಿಯಾದರೂ ಬುತ್ತಿ ಬಿಡದ ರೈತನ ಮಗ ಎಂದು ಕೆಳಗೆ ಬರೆಯುತ್ತಿದ್ದರು. ಓದಿದ ಜನ ಹೌದಪ್ಪ ಹೌದು ಎಂದು ತಲೆಯಾಡಿಸಿ ಮುಂದಿನ ಚುನಾವಣೆಯಲ್ಲಿ ಮತ್ತೆ ಅವರಿಗೇ ವೋಟು ಗುದ್ದುತ್ತಿದ್ದರು.

ಆ ಬುತ್ತಿ ಕಟ್ಟುತ್ತಿದ್ದವಳು ಬೀರವ್ವ. ಅದು ಸರಳತೆಯಲ್ಲ, ಬರೀ ಅಂಜಿಕೆ ಎಂಬುದು ಅವಳಿಗೆ ಗೊತ್ತಿತ್ತು. ಮೂವತ್ತು ವರ್ಷ ಬಾಯಿ ಬಿಡಲಿಲ್ಲ.

ಮದ್ದು ಹಾಕುವುದು ಎಂದರೇನೆಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆಗದವರು ಊಟದಲ್ಲಿ ಏನನ್ನೋ ಬೆರೆಸಿ ತಿನ್ನಿಸುತ್ತಾರೆ. ಅದು ಹೊಟ್ಟೆಯಲ್ಲಿ ಕರಗದೆ ಕೂತು ಮನುಷ್ಯನನ್ನು ದಿನೇ ದಿನೇ ಒಣಗಿಸುತ್ತದೆ. ಆಸ್ಪತ್ರೆಯವರ ಕಣ್ಣಿಗೆ ಅದು ಬೀಳುವುದಿಲ್ಲ, ಮದ್ದು ತೆಗೆಯುವವನ ಕಣ್ಣಿಗೆ ಮಾತ್ರ ಬೀಳುತ್ತದೆ. ಏನು ಬೆರೆಸುತ್ತಾರೆ ಎಂಬುದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೆ ಮದ್ದು ತಿಂದು ಒಣಗಿ ಹೋದ ಚಿಕ್ಕಪ್ಪನೊಬ್ಬ ಎಲ್ಲರ ಮನೆಯಲ್ಲೂ ಇದ್ದಾನೆ. ಅಜ್ಜಪ್ಪನವರಿಗೂ ಇದ್ದ.

ಅಜ್ಜಪ್ಪನವರದು ಮೋಟೆಬೆನ್ನೂರಿನ ಹೆದ್ದಾರಿಯಿಂದ ಒಳಕ್ಕಿರುವ ಊರು. ಹೊಲ, ಮೆಣಸಿನಕಾಯಿ ದಲಾಲಿ, ಎರಡೂ ಇದ್ದ ಮನೆತನ. ಮಾರುಕಟ್ಟೆ ಸಮಿತಿಗೆ ಗೆದ್ದರು, ಆಮೇಲೆ ವಿಧಾನಸಭೆಗೂ ಗೆದ್ದರು. ಗೆದ್ದ ಖುಷಿಯಲ್ಲಿ, ಸೋತವರು ಮುನಿಸು ಮರೆಯೋಣ ಬರ್ರಿ ಎಂದು ಕರೆದ ಊಟಕ್ಕೆ ಹೋಗಿ ಹೊಟ್ಟೆ ತುಂಬ ಹೋಳಿಗೆ ಉಂಡು ಬಂದರು. ಮರುವಾರ ಹಾಸಿಗೆ ಹಿಡಿದರು. ಹಾವೇರಿಯ ಡಾಕ್ಟರು ಟೈಫಾಯ್ಡ್ ಎಂದರು. ತಾಯಿ ಸಿದ್ದವ್ವ ಮದ್ದು ಎಂದಳು. ಮಗ ತಾಯಿಯನ್ನು ನಂಬಿದ.

ಅಂದಿನಿಂದ ಹೊರಗಿನ ಊಟ ಬಂದ್ ಆಯಿತು. ಒಳಗಿನ ಊಟವೂ ಅಷ್ಟು ಸಲೀಸಾಗಿರಲಿಲ್ಲ. ಹೆಂಡತಿ ಮಂಗಳವ್ವನ ಅಣ್ಣ ಎದುರು ಪಕ್ಷದಲ್ಲಿದ್ದ. ಅಷ್ಟೇ ಸಾಕಾಯಿತು. ಕಟ್ಟಿಕೊಂಡ ಹೆಂಡತಿಯ ಕೈಯ ಅನ್ನ ಗಂಟಲಲ್ಲಿ ಇಳಿಯದಾಯಿತು. ಸಿದ್ದವ್ವನಿಗೆ ವಯಸ್ಸಾಗಿತ್ತು, ಒಲೆಯ ಮುಂದೆ ಕೂರಲು ಆಗುತ್ತಿರಲಿಲ್ಲ. ಅವಳು ತನ್ನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಅಳೆದು ನೋಡಿ ಬೀರವ್ವನನ್ನು ಕರೆಸಿದಳು. ಬೀರವ್ವನ ಗಂಡ ಉಡಚಪ್ಪ ಕುರಿ ಕಾಯುತ್ತಿದ್ದವನು, ಹಾವು ಕಚ್ಚಿ ಸತ್ತಿದ್ದ. ಬಗಲಲ್ಲಿ ಮಗ ಮೈಲೇಶ. ತವರಿನ ಕಡೆ ಯಾರೂ ಇಲ್ಲ. ಯಾವ ಪಕ್ಷದ ಬಾವುಟವೂ ಆ ಗುಡಿಸಲ ಮೇಲೆ ಹಾರಿರಲಿಲ್ಲ. ಇದಕ್ಕಿಂತ ಒಳ್ಳೆಯ ಹೆಂಗಸು ಸಿಗಲಾರಳು ಎಂದುಕೊಂಡಳು ಸಿದ್ದವ್ವ.

"ನೋಡು ಬೀರವ್ವ, ನೀ ಬಡದ ರೊಟ್ಟಿ ನನ್ನ ಮಗ ಉಣ್ತಾನ. ಆದ್ರ ಮೊದಲನೇ ತುತ್ತು ನೀ ತಿನ್ನಬೇಕು, ಅವನ ಕಣ್ಣ ಮುಂದ. ಸಿಟ್ಟಾಗಬ್ಯಾಡ."

"ಸಿಟ್ಟ್ಯಾಕ್ರೀ ಅವ್ವಾರ, ಹೆಂಗೂ ಹೊಟ್ಟಿ ಹಸದಿರ್ತೈತಿ," ಎಂದು ಬೀರವ್ವ ನಕ್ಕಿದ್ದಳು. ವಯಸ್ಸು ಹಾಗಿತ್ತು.

ಹೀಗೆ ಶುರುವಾಯಿತು ಅವಳ ನೌಕರಿ. ಡಬ್ಬಿ ಬೇಡ, ಮುಚ್ಚಳ ಯಾರು ಬೇಕಾದರೂ ತೆಗೆದು ಹಾಕಬಹುದು ಎಂದು ಅವಳೇ ಹೇಳಿದಳು. ಅರಿವೆಯಲ್ಲಿ ಕಟ್ಟಿ ಮೇಲೆ ಒಂದು ಗಂಟು ಹಾಕಿದಳು. ಕುರಿ ಹಟ್ಟಿಯ ಹಗ್ಗಕ್ಕೆ ಉಡಚಪ್ಪ ಹಾಕುತ್ತಿದ್ದ ಗಂಟು ಅದು. ಒಂದು ಎಳೆ ಒಳಗಿನಿಂದ ತಿರುಗಿ ಬರುತ್ತದೆ. ಬಿಚ್ಚಿದವನು ಮತ್ತೆ ಹಾಗೇ ಹಾಕಲಾರ. ಅಜ್ಜಪ್ಪನವರು ಊಟಕ್ಕೆ ಕೂತಾಗ ಮೊದಲು ಗಂಟು ನೋಡುವರು, ಆಮೇಲೆ ಬೀರವ್ವನ ಬಾಯಿ ನೋಡುವರು. ಅವಳು ರೊಟ್ಟಿ ಮುರಿದು, ಪಲ್ಯ ಹಚ್ಚಿ, ಅಗಿದು ನುಂಗುವವರೆಗೆ ಅವರ ಕೈ ತೊಡೆಯ ಮೇಲಿರುತ್ತಿತ್ತು. ಅವಳು ಜೊತೆಗಿಲ್ಲದ ದಿನ ಆ ತುತ್ತು ಮನೆಯಲ್ಲೇ ಆಗಿಬಿಡುತ್ತಿತ್ತು. ಅವರ ಎದುರಿಗೆ ತಿಂದು, ಅವರ ಎದುರಿಗೇ ಗಂಟು ಹಾಕಿ, ಡ್ರೈವರ್ ಚಾಂದಸಾಬನ ಕೈಗೆ ಕೊಡುವಳು.

ಅಜ್ಜಪ್ಪನವರು ಮಂತ್ರಿಯಾದರು. ಮೊದಲು ಸಿಕ್ಕಿದ್ದು ಮೀನುಗಾರಿಕೆ. ಸಮುದ್ರವನ್ನು ಒಮ್ಮೆಯೂ ನೋಡದ ಮನುಷ್ಯನಿಗೆ ಮೀನು ಕೊಟ್ಟರಲ್ಲ ಎಂದು ಬ್ಯಾಡಗಿಯ ಪೇಟೆಯಲ್ಲಿ ನಗಾಡಿದರು. ಆಮೇಲೆ ಗ್ರಂಥಾಲಯ, ಆಮೇಲೆ ಸಣ್ಣ ನೀರಾವರಿ, ಕೊನೆಗೆ ತೋಟಗಾರಿಕೆ. ಸರಕಾರಗಳು ಬಿದ್ದವು, ಎದ್ದವು. ಅಜ್ಜಪ್ಪನವರು ಪಕ್ಷ ಬದಲಿಸಿ ಮತ್ತೆ ಬದಲಿಸಿದರು. ಪ್ರತಿ ಸಲವೂ ರಾಜ್ಯಪಾಲರ ಮುಂದೆ ನಿಂತು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದರು. ದನಿ ಒಮ್ಮೆಯೂ ನಡುಗಲಿಲ್ಲ. ಅಡುಗೆ ಮನೆಯ ಸಣ್ಣ ಟಿವಿಯಲ್ಲಿ ನೋಡುತ್ತಿದ್ದ ಬೀರವ್ವನಿಗೆ ಎಂಥ ಗಟ್ಟಿ ಎದೆ ಅನ್ನಿಸುತ್ತಿತ್ತು. ಅದೇ ಎದೆ ಮನೆಗೆ ಬಂದು ಒಂದು ಲೋಟ ಮಜ್ಜಿಗೆಯ ಮುಂದೆ ಅಲ್ಲಾಡುವುದನ್ನೂ ಅವಳು ನೋಡಿದ್ದಳು.

ಅನುಮಾನ ಅಂಟಿಕೊಳ್ಳುವ ರೋಗ. ಬೀರವ್ವನಿಗೂ ಅಂಟಿತು. ನೀರು ಕುಡಿಯಲು ಅಡುಗೆ ಮನೆಗೆ ಬಂದವನು ಒಲೆಯ ಕಡೆ ಯಾಕೆ ನೋಡಿದ? ಇವತ್ತೇನು ಪಲ್ಯ ಎಂದು ಕೇಳಿದವಳಿಗೆ ತಿಳಿದು ಆಗಬೇಕಾದ್ದೇನು? ಅರೆಗಳಿಗೆ ಕಣ್ಣು ಮರೆಯಾದ ಚಟ್ನಿಯನ್ನು ಅವಳು ಹಿತ್ತಲಿಗೆ ಚೆಲ್ಲಿ ಮತ್ತೆ ಅರೆಯುವಳು. ಒಂದು ದಿನ ಮಂಗಳವ್ವ ಒಲೆಯ ಹತ್ತಿರ ಬಂದು, ಮೆಲ್ಲಗೆ, ಆಳಿನ ಮುಂದೆ ಆಳಿನ ಹಾಗೆ ಕೇಳಿಕೊಂಡಳು.

"ಬೀರವ್ವ, ಇವತ್ತೊಂದಿನ ರೊಟ್ಟಿ ನಾ ಬಡೀತೇನಿ. ನೀ ಬಡದಿ ಅಂತ ಹೇಳು. ಅವರು ಉಣ್ಣೂದು ನೋಡ್ಬೇಕು ಅನಸೇತಿ."

ಬೀರವ್ವ ಹಿಟ್ಟಿನ ಪರಾತವನ್ನು ತನ್ನ ಕಡೆಗೆ ಎಳೆದುಕೊಂಡಳು. "ಬ್ಯಾಡ್ರಿ ಅಕ್ಕಾರ. ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ." ಮಂಗಳವ್ವ ಮತ್ತೆಂದೂ ಕೇಳಲಿಲ್ಲ. ಕಾಮಾಲೆಯಾಗಿ ಅವಳು ತೀರಿಕೊಂಡ ಮೇಲೂ ಆ ಮುಖ ಬೀರವ್ವನಿಗೆ ಹಿಟ್ಟು ನಾದುವಾಗ ಆಗಾಗ ನೆನಪಾಗುತ್ತಿತ್ತು.

ಮದುವೆ, ಗೃಹಪ್ರವೇಶ ಎಂದು ಯಾರು ಕರೆದರೂ ಬೀರವ್ವ ಹೋಗಿ ಅಕ್ಷತೆ ಹಾಕಿ ಉಪವಾಸ ತಿರುಗಿ ಬರುವಳು. ಮಂತ್ರಿಗಳ ಅಡುಗೆಯವಳಿಗೇ ಮದ್ದು ಹಾಕಿ ಕೈವಶ ಮಾಡಿಕೊಂಡರೆ? ಹೀಗೆಲ್ಲ ಯೋಚಿಸುವುದು ಅವಳಿಗೆ ಹುಚ್ಚು ಅನ್ನಿಸುತ್ತಿರಲಿಲ್ಲ. ಮೈಲೇಶ ದೊಡ್ಡವನಾಗಿ ಬ್ಯಾಡಗಿ ಬಸ್ ಸ್ಟ್ಯಾಂಡಿನ ಹತ್ತಿರ ಗಿರ್ಮಿಟ್, ಮಿರ್ಚಿ, ಚಹಾದ ಅಂಗಡಿ ಹಾಕಿದ. ಗಳಗನಾಥದ ಕಡೆಯ ಹುಡುಗಿ ಕಾವ್ಯಾಳನ್ನು ಮದುವೆಯಾದ. ಸೊಸೆ ಬಂದ ಹೊಸದರಲ್ಲಿ ಆಸೆಯಿಂದ ರೊಟ್ಟಿ, ಪುಂಡಿಪಲ್ಯ ಮಾಡಿ ಅತ್ತೆಯ ಮುಂದೆ ತಾಟು ಇಟ್ಟಳು. ಬೀರವ್ವ ತಾಟನ್ನೇ ನೋಡುತ್ತ ಕೂತಳು.

"ಪಲ್ಯಾ ಮಾಡುವಾಗ ಯಾರ್ ಬಂದಿದ್ರು ಒಳಗ?"

ಕಾವ್ಯಾ ಚೇಷ್ಟೆ ಎಂದುಕೊಂಡು ನಕ್ಕಳು. "ಬೆಕ್ಕ ಬಂದಿತ್ತು ನೋಡ್ರಿ ಅತ್ತಿ."

ಅತ್ತೆ ನಗಲಿಲ್ಲ. ಹಸಿವಿಲ್ಲ ಎಂದು ಎದ್ದು, ಸ್ವಲ್ಪ ಹೊತ್ತಿಗೆ ತಾನೇ ಹಿಟ್ಟು ಕಲೆಸಿಕೊಂಡಳು. ಅಂದಿನಿಂದ ಆ ಪುಟ್ಟ ಮನೆಯಲ್ಲಿ ಎರಡು ಒಲೆ. ಮೈಲೇಶ ಒಂದೆರಡು ಸಲ ಜಗಳವಾಡಿ ಸುಮ್ಮನಾದ. ಕಾವ್ಯಾ ಜಗಳವಾಡಲಿಲ್ಲ, ಅತ್ತೆಯ ಹತ್ತಿರ ನಗುವುದನ್ನು ಬಿಟ್ಟಳು.

ಈಗ ಅಜ್ಜಪ್ಪನವರಿಗೆ ಎಪ್ಪತ್ತು ದಾಟಿದೆ. ಈ ಸಲ ವಯಸ್ಸಾದವರಿಗೆ ಟಿಕೆಟ್ ಇಲ್ಲವಂತೆ ಎಂಬ ಸುದ್ದಿ ಹುಟ್ಟಿದ್ದೇ ತಡ, ಮನೆಯ ಗಾಳಿಯೇ ಬದಲಾಯಿತು. ಮಗ ಪ್ರವೀಣಕುಮಾರನಿಗೆ ರಾಜಕೀಯಕ್ಕಿಂತ ನಿದ್ದೆಯ ಮೇಲೆ ಪ್ರೀತಿ ಜಾಸ್ತಿ. ಸೊಸೆ ಭುವನಾ ಹಾಗಲ್ಲ. ಮಾವನಿಗಿಲ್ಲದಿದ್ದರೆ ಆ ಟಿಕೆಟ್ ತನಗೇ ಬರಬೇಕೆಂದು ಅವಳು ಈಗಾಗಲೇ ಪಕ್ಷದವರ ಮನೆ ಮನೆ ತಿರುಗುತ್ತಿದ್ದಳು. ಮಾವನ ಫೋನಿನಲ್ಲಿ ಯಾರು ಮಾತಾಡಿದರು ಎಂದು ಸೊಸೆ ಕಿವಿಗೊಡುವಳು. ಸೊಸೆ ಯಾರ ಕಾರಿನಲ್ಲಿ ಬಂದಳು ಎಂದು ಮಾವ ಕಿಟಕಿಯಿಂದ ಬಗ್ಗಿ ನೋಡುವರು. ಇಬ್ಬರನ್ನೂ ಬೀರವ್ವ ಅಡುಗೆ ಮನೆಯ ಬಾಗಿಲಿಂದ ನೋಡುವಳು.

ಆ ದಿನಗಳಲ್ಲೇ ಒಂದು ಸಂಜೆ ಚಾಂದಸಾಬ ಬುತ್ತಿಯ ಅರಿವೆ ತಂದುಕೊಟ್ಟಾಗ ಬೀರವ್ವನ ಕೈ ನಿಂತಿತು. ಅಜ್ಜಪ್ಪನವರು ಉಂಡಾದ ಮೇಲೆ ಅರಿವೆಯನ್ನು ಮುದ್ದೆ ಮಾಡಿ ಎಸೆಯುವ ಜಾತಿ. ಇದು ನಾಲ್ಕು ಮಡಿಕೆಯಾಗಿ, ಅಚ್ಚುಕಟ್ಟಾಗಿ ಮಡಚಿಕೊಂಡು ಬಂದಿತ್ತು. ಮೂಸಿ ನೋಡಿದಳು. ಬೀಡಿಯ ವಾಸನೆ. ಅಜ್ಜಪ್ಪನವರು ಬೀಡಿ ಸೇದುವುದಿಲ್ಲ.

"ಚಾಂದಣ್ಣಾ, ಧಣ್ಯಾರು ಉಂಡ್ರೇನು?"

"ಉಂಡ್ರಲ್ಲ, ಉಣದ ಏನ್ ಮಾಡ್ತಾರ," ಎಂದು ಅವನು ಮುಖ ತಿರುಗಿಸಿಕೊಂಡು ಹೋದ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ನಿಂತು ನೀರು ಕೇಳಲಿಲ್ಲ. ಬುತ್ತಿಯನ್ನು ದಾರಿಯಲ್ಲಿ ಯಾರೋ ಬದಲಿಸುತ್ತಿದ್ದಾರೆ, ಇವನನ್ನು ಕೊಂಡುಕೊಂಡಿದ್ದಾರೆ ಎಂದು ಬೀರವ್ವ ಆ ಕ್ಷಣವೇ ತೀರ್ಮಾನಿಸಿದಳು. ಅಜ್ಜಪ್ಪನವರಿಗೆ ಹೇಳಿದರೆ ಅನುಮಾನ ತನ್ನ ಮೇಲೇ ತಿರುಗೀತೆಂದು ಅಂಜಿ, ಮರುದಿನ ಗಂಟನ್ನು ಇನ್ನಷ್ಟು ಬಿಗಿದಳು. ಪ್ರಯೋಜನವಾಗಲಿಲ್ಲ. ಅವರು ರಾಣೆಬೆನ್ನೂರಿನ ಕಡೆ ಹೋದ ದಿನವೆಲ್ಲ ಅರಿವೆ ಹಾಗೇ ಮಡಚಿಕೊಂಡು ಬರುತ್ತಿತ್ತು.

ಅಷ್ಟರಲ್ಲಿ ಅಜ್ಜಪ್ಪನವರಿಗೆ ಹೊಟ್ಟೆ ನೋವು, ವಾಂತಿ. ಉಂಡದ್ದು ನಿಲ್ಲದು. ಕಾಲರಿನ ಒಳಗೆ ಕುತ್ತಿಗೆ ಸಣ್ಣಗಾಯಿತು. ಡಾಕ್ಟರು ಹುಣ್ಣಾಗಿದೆ, ಖಾರ ಬಿಡಿ, ಚಿಂತೆ ಬಿಡಿ ಎಂದರು. ಚುನಾವಣೆಯ ವರ್ಷದಲ್ಲಿ ಮಂತ್ರಿಗೆ ಚಿಂತೆ ಬಿಡು ಎನ್ನುವ ಡಾಕ್ಟರನ್ನು ಯಾರು ನಂಬುತ್ತಾರೆ? ಹೊಳೆಯಾಚೆಯಿಂದ ಮದ್ದು ತೆಗೆಯುವ ಮುದುಕ ಬಂದ. ಹಸಿರು ರಸ ಕುಡಿಸಿದ, ಬೆನ್ನು ತಿಕ್ಕಿದ, ವಾಂತಿ ಮಾಡಿಸಿದ. ಬೋಗುಣಿಯಲ್ಲಿ ಕೈಯಾಡಿಸಿ ಕರಿಯ ಉಂಡೆಯೊಂದನ್ನು ಎತ್ತಿ ತೋರಿಸಿದ. ಅದು ಅವರ ಹೊಟ್ಟೆಯಿಂದ ಬಂತೋ ಇವನ ಅಂಗಿಯ ತೋಳಿನಿಂದ ಇಳಿಯಿತೋ ಕೇಳುವ ಧೈರ್ಯ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ.

"ಇದು ಊಟದಾಗ ಬಂದದ್ದು," ಎಂದ ಮುದುಕ. "ನಂಬಿದವರ ಕೈಯಾಂದ."

ಭುವನಾ ಬಾಗಿಲಲ್ಲಿ ನಿಂತಿದ್ದ ಬೀರವ್ವನ ಕಡೆ ತಿರುಗಿದಳು. "ಮಾವಾರು ಮೂವತ್ತು ವರ್ಷದಿಂದ ಬ್ಯಾರೆ ಯಾರ ಕೈಯಾಂದೂ ಉಂಡಿಲ್ಲ. ಹೌದಲ್ಲ? ಹಂಗಿದ್ರ ಇದನ್ನ ಹಾಕಿದವ್ರು ಯಾರು? ನೀನ ಹೇಳು."

ಲೆಕ್ಕ ಸರಿಯಾಗಿಯೇ ಇತ್ತು. ಬೀರವ್ವ ಅಜ್ಜಪ್ಪನವರ ಮುಖ ನೋಡಿದಳು. ಅವರು ಒಂದು ಮಾತು ಆಡಿದರೆ ಸಾಕಿತ್ತು. ಹಾಸಿಗೆಯ ಮೇಲೆ ಒರಗಿದ್ದ ಮನುಷ್ಯ ಗೋಡೆಯ ಕಡೆ ಹೊರಳಿ ಮಲಗಿದರು.

"ಧಣ್ಯಾರ, ಮೊದಲ ತುತ್ತು ನಾನ ತಿಂದೇನಲ್ರಿ, ನಿಮ್ಮ ಮುಂದ..."

"ಸಾಕು, ಮನಿಗೆ ನಡಿ," ಎಂದಳು ಭುವನಾ.

ಮಂತ್ರಿಗಳ ಮನೆಯ ಸುದ್ದಿ ಬ್ಯಾಡಗಿ ಮುಟ್ಟಲು ಹೊತ್ತು ಬೇಕೇ? ಮರುದಿನವೇ ಮೈಲೇಶನ ಅಂಗಡಿಯ ಬೆಂಚು ಖಾಲಿ. ಬಸ್ಸು ಇಳಿದ ಜನ ಮಿರ್ಚಿಯ ವಾಸನೆಗೆ ನಿಂತು, ಒಳಗಿರುವವನು ಯಾರ ಮಗ ಎಂದು ಯಾರೋ ಕಿವಿಯಲ್ಲಿ ಹೇಳಿದ ಮೇಲೆ ಮುಂದೆ ಸಾಗುತ್ತಿದ್ದರು. ಕರಿದ ಮಿರ್ಚಿ ಸಂಜೆ ಹಾಗೇ ಮನೆಗೆ ಬರುತ್ತಿತ್ತು. ಓಣಿಯ ಮಕ್ಕಳನ್ನು ಅವರವರ ತಾಯಂದಿರು ಬೀರವ್ವನ ಕಟ್ಟೆಯಿಂದ ಕರೆದುಕೊಂಡು ಹೋಗುತ್ತಿದ್ದರು. ಕಳೆ ತೆಗೆಯುತ್ತಿದ್ದ ಕಾಲದ ಗೆಳತಿಯರು ಕೂಡ ಬಾಗಿಲ ಹೊರಗೇ ನಿಂತು ಮಾತಾಡಿ ಹೋದರು. ಮೂವತ್ತು ವರ್ಷ ಎಲ್ಲರನ್ನೂ ಸಂಶಯದಿಂದ ನೋಡಿದವಳಿಗೆ, ಎಲ್ಲರೂ ತನ್ನನ್ನು ಹಾಗೆ ನೋಡಿದರೆ ಎಷ್ಟು ನೋವಾಗುತ್ತದೆ ಎಂದು ಈಗ ಗೊತ್ತಾಯಿತು. ಬಹಳ ನೋವಾಯಿತು. ಮಗನ ಅಂಗಡಿ ಮುಚ್ಚಿಹೋಗುತ್ತದೆ, ಸಾಯುವಾಗಲೂ ಮದ್ದಿನ ಬೀರವ್ವ ಎಂದೇ ಎತ್ತಿಕೊಂಡು ಹೋಗುತ್ತಾರೆ ಎಂದು ಹಗಲೆಲ್ಲ ಅದನ್ನೇ ಯೋಚಿಸಿದಳು.

ಒಂದು ಮಧ್ಯಾಹ್ನ ಚಾಂದಸಾಬ ಬಂದ. ಹಿತ್ತಲ ಬಾಗಿಲಿಂದ ಬಂದ. ಒಳಗೆ ಕೂರು ಎಂದರೆ ಕೂರಲಿಲ್ಲ.

"ಅಕ್ಕಾ, ನಿನ್ನ ಬುತ್ತಿ ನಾ ತಿಂದೇನಿ."

"ಏನಂದಿ?"

"ಸಾಹೇಬ್ರು ರಾಣೆಬೆನ್ನೂರಿಗೆ ಹೋದಾಗೆಲ್ಲ ನಾನ ತಿಂದೇನಿ. ಚೆಲ್ಲಾಕ ಮನಸಾಗಲಿಲ್ಲ. ಸಾಹೇಬ್ರು ಬೀಜದ ಧಣಿ ತೋಟದ ಮನ್ಯಾಗ ಉಣ್ತಿದ್ರು."

ಬೀಜದ ಧಣಿ ಎಂದರೆ ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿ ನಡೆಸುವವನು, ಎದುರು ಪಕ್ಷದ ಯಜಮಾನ. ಅವನನ್ನು ವೇದಿಕೆಯ ಮೇಲೆ ಬೈದು ಬೈದೇ ಅಜ್ಜಪ್ಪನವರು ಕಳೆದ ಎರಡು ಚುನಾವಣೆ ಗೆದ್ದಿದ್ದರು. ಇಲ್ಲಿ ಟಿಕೆಟ್ ತಪ್ಪಿದರೆ ಅಲ್ಲಿ ಸಿಗಲಿ ಎಂದು ಮಾತುಕತೆ ನಡೆದಿದೆ ಎಂದ ಚಾಂದಸಾಬ. ಅದಕ್ಕೇ ಆ ದಿನ ಗೋಡೆಯ ಕಡೆ ಹೊರಳಿದ್ದು. ಬೇರೆ ಕಡೆ ಉಂಡೆ ಎಂದರೆ ಎಲ್ಲಿ ಎಂದು ಭುವನಾ ಕೇಳುತ್ತಾಳೆ, ಎಲ್ಲಿ ಎಂದು ಹೇಳಿದರೆ ಸಂಜೆಯೊಳಗೆ ಬೆಂಗಳೂರಿಗೆ ಗೊತ್ತಾಗುತ್ತದೆ. ಬೀರವ್ವ ತಪ್ಪಿತಸ್ಥಳಾದರೆ ಯಾವ ಟಿಕೆಟ್ಟೂ ಹೋಗುವುದಿಲ್ಲ.

ಬೀರವ್ವ ಕೇಳಿದ್ದು ಒಂದೇ ಮಾತು.

"ಅಲ್ಲಿ ಮೊದಲ ತುತ್ತು ಯಾರಿಗೆ ತಿನ್ನಿಸ್ತಿದ್ರು ಚಾಂದಣ್ಣಾ?"

ಚಾಂದಸಾಬ ತಲೆ ತಗ್ಗಿಸಿದ. "ಯಾರಿಗೂ ಇಲ್ಲಕ್ಕಾ. ಕುಂತ್ರು, ಉಂಡ್ರು. ಇನ್ನೊಂದು ಹೋಳಿಗಿ ಹಾಕಸ್ಕೊಂಡ್ರು."

ಅದು ಅವಳಿಗೆ ಕರಿಯ ಉಂಡೆಗಿಂತ, ಖಾಲಿ ಬೆಂಚಿಗಿಂತ ಜೋರಾಗಿ ಬಡಿಯಿತು. ವೈರಿಯ ಮನೆಯಲ್ಲಿ ಕಣ್ಣು ಮುಚ್ಚಿ ಉಂಡ ಮನುಷ್ಯ, ತನ್ನ ಬಾಯನ್ನು ಮೂವತ್ತು ವರ್ಷ ಕಣ್ಣು ಬಿಟ್ಟು ಕಾದಿದ್ದ. ಸಿಟ್ಟು ಬಂತು. ಇಷ್ಟು ವರ್ಷ ಬಾರದಿದ್ದ ಸಿಟ್ಟೆಲ್ಲ ಕೂಡಿ ಬಂತು.

"ನನ್ನ ಹೆಸರು ತಗೀಬ್ಯಾಡಕ್ಕಾ," ಎಂದ ಚಾಂದಸಾಬ. "ಈ ವಯಸ್ಸಿನಾಗ ಯಾರು ಗಾಡಿ ಕೊಡ್ತಾರ ನನಗ?"

"ತಗಿಯೂದಿಲ್ಲ," ಎಂದಳು ಬೀರವ್ವ. "ನಿನ್ನ ಸಾಕ್ಷಿ ನನಗ ಬೇಕಾಗಿಲ್ಲ. ಹೋಗು, ಲಗೂ ಹೋಗು, ಯಾರರ ನೋಡ್ಯಾರು."

ಮರುದಿನ ಬೆಳಿಗ್ಗೆ ಮಂತ್ರಿಗಳ ಮನೆಯ ಪಡಸಾಲೆ ಅಹವಾಲಿನ ಜನರಿಂದ ತುಂಬಿದ್ದ ಹೊತ್ತು ನೋಡಿಯೇ ಅವಳು ಒಳಗೆ ಬಂದಳು. ಸೆರಗು ಸೊಂಟಕ್ಕೆ ಸಿಗಿಸಿ ನಡುವೆ ಭುವನಾಳಿಗೆ ಎದುರಾಗಿ ನಿಂತಳು.

"ಅಕ್ಕಾವ್ರ, ನಾ ಕದರಮಂಡಲಗಿ ಹಣಮಪ್ಪನ ಮುಂದ ಆಣಿ ಮಾಡ್ತೇನಿ. ಶನಿವಾರ. ಧಣ್ಯಾರೂ ಬರ್ಲಿ, ನೀವೂ ಬರ್ರಿ, ಊರ ಮಂದಿನೂ ಬರ್ಲಿ."

ನಮ್ಮ ಕಡೆ ಕೋರ್ಟಿನ ತೀರ್ಪಿಗೆ ಮೇಲ್ಮನವಿ ಇದೆ, ಕದರಮಂಡಲಗಿ ಆಂಜನೇಯನ ಮುಂದೆ ಕರ್ಪೂರ ಹಚ್ಚಿ ಮಾಡಿದ ಆಣೆಗೆ ಮೇಲ್ಮನವಿ ಇಲ್ಲ. ಹೊಲದ ಬದುವಿನ ವ್ಯಾಜ್ಯ, ಕಳುವಿನ ಆರೋಪ, ಎಷ್ಟೋ ಅಲ್ಲಿ ಮುಗಿದಿವೆ. ಪಡಸಾಲೆಯ ಜನ ಸರಿಯಾದ ಮಾತು ಎಂದರು. ಭುವನಾಳೂ ಒಪ್ಪಿದಳು. ಅಜ್ಜಪ್ಪನವರು ಇದರಲ್ಲಿ ತನಗೇನು ಹೋಗುವುದು, ಆಣೆ ಮಾಡುವವಳು ಅವಳು ತಾನೆ ಎಂದು ಲೆಕ್ಕ ಹಾಕಿರಬೇಕು. ಆಗಲಿ ಎಂದರು.

ಶನಿವಾರ ಗುಡಿಯಲ್ಲಿ ಹೆಜ್ಜೆ ಇಡಲು ಜಾಗವಿರಲಿಲ್ಲ. ಮಂತ್ರಿಗಳು ಬರುತ್ತಾರೆ ಎಂದು ಬಂದವರು, ಮದ್ದಿನವಳನ್ನು ನೋಡಲು ಬಂದವರು, ದೇವರಿಗಾಗಿ ಬಂದ ನಾಲ್ಕು ಜನ. ಮೊಬೈಲುಗಳೆಲ್ಲ ಮೇಲೆದ್ದಿದ್ದವು. ಮೈಲೇಶ ಮತ್ತು ಕಾವ್ಯಾ ಕಂಬದ ಹತ್ತಿರ ನಿಂತಿದ್ದರು. ಬೀರವ್ವ ಒದ್ದೆ ಸೀರೆಯಲ್ಲಿ ಬಂದು ತಟ್ಟೆಯ ಕರ್ಪೂರಕ್ಕೆ ಕಡ್ಡಿ ಗೀರಿದಳು. ಉರಿಯ ಮೇಲೆ ಅಂಗೈ ಹಿಡಿದಳು.

"ಹಣಮಪ್ಪ, ಧಣ್ಯಾರ ಊಟದಾಗ ನಾ ಮದ್ದು ಹಾಕಿದ್ರ, ಹಾಕೂದು ಕಂಡು ಸುಮ್ಮನಿದ್ರ, ನನ್ನ ಮನಿ ದೀಪ ಆರ್ಲಿ."

ಕಾವ್ಯಾ ಸೆರಗು ಬಾಯಿಗೆ ಒತ್ತಿಕೊಂಡಳು. ಜನ ಉಸಿರು ಬಿಟ್ಟರು. ಮುಗಿಯಿತು ಎಂದು ಪೂಜಾರಿ ತಟ್ಟೆ ತೆಗೆಯಲು ಬಗ್ಗಿದರು. ಬೀರವ್ವ ಅವರನ್ನು ತಡೆದು, ಇನ್ನೊಂದು ತುಂಡು ಕರ್ಪೂರ ಹಾಕಿ ಅಜ್ಜಪ್ಪನವರ ಕಡೆ ತಿರುಗಿದಳು.

"ಈಗ ಧಣ್ಯಾರು. ನನ್ನ ಕೈಯಾಂದಲ್ದ ಬ್ಯಾರೆ ಎಲ್ಲೂ ಉಂಡಿಲ್ಲ ಅಂತ ಒಂದ ಮಾತು ಆಣಿ ಮಾಡ್ರಿ. ಆಮ್ಯಾಲ ನನ್ನ ಏನಾರ ಮಾಡ್ರಿ."

ಅಜ್ಜಪ್ಪನವರು ನಕ್ಕರು. ಸಭೆಯಲ್ಲಿ ಕಷ್ಟದ ಪ್ರಶ್ನೆ ಬಂದಾಗ ನಗುತ್ತಿದ್ದ ನಗು. "ಏ, ಇದೆಲ್ಲಾ ಯಾಕ ಬೇಕು? ನಿನ್ನ ಮ್ಯಾಲ ನನಗೇನೂ ಸಂಶೆ ಇಲ್ಲ ಬೀರವ್ವ."

"ಸಂಶೆ ಇಲ್ಲ ಅನ್ನೂದು ಬ್ಯಾಡ್ರಿ. ಎಲ್ಲೂ ಉಂಡಿಲ್ಲ ಅನ್ರಿ. ಇಲ್ಲಾ, ಉಂಡೇನಿ ಅನ್ರಿ."

ಕರ್ಪೂರ ಉರಿಯುತ್ತಿತ್ತು. ಅಜ್ಜಪ್ಪನವರ ಬಲಗೈ ಮೇಲೆದ್ದು ತಟ್ಟೆಯ ಕಡೆ ಅರ್ಧ ದಾರಿ ಬಂತು. ಅಲ್ಲಿ ನಿಂತಿತು. ನಿಂತದ್ದು ಹಿಂದಿನ ಸಾಲಿನವರಿಗೂ ಕಂಡಿತು. ಎಷ್ಟೋ ರಾಜ್ಯಪಾಲರ ಮುಂದೆ ಸಲೀಸಾಗಿ ಪ್ರಮಾಣ ಮಾಡಿದ ಬಾಯಿ ಈ ಹಣಮಪ್ಪನ ಮುಂದೆ ತೆರೆಯಲಿಲ್ಲ. ಅಷ್ಟರಮಟ್ಟಿಗೆ ಅವರು ಆಸ್ತಿಕರೇ ಎನ್ನಬೇಕು. ಕರ್ಪೂರ ಆರಿತು. ಕೈ ಕೆಳಗಿಳಿಯಿತು.

ಭುವನಾ ಮಾವನ ಮುಂದೆ ಬಂದು ನಿಂತಳು. ದನಿ ಏರಿಸಲಿಲ್ಲ. "ಮಾವಾರ, ಎಲ್ಲಿ ಉಂಡ್ರಿ?"

ಅವರು ತಲೆ ಸುತ್ತುತ್ತಿದೆ ಎಂದು ಚಾಂದಸಾಬನ ಹೆಗಲು ಹಿಡಿದು ಕಾರಿನ ಕಡೆ ನಡೆದರು.

ಎಲ್ಲಿ ಉಂಡರು ಎಂಬುದನ್ನು ಕಂಡುಹಿಡಿಯಲು ಭುವನಾಳಿಗೆ ಹೆಚ್ಚು ದಿನ ಬೇಕಾಗಲಿಲ್ಲ. ಮಾವ ಉಂಡ ಹೋಳಿಗೆಯ ವಾಸನೆ ಬೆಂಗಳೂರಿಗೂ ಹೋಯಿತು. ಪಕ್ಷದವರು ಟಿಕೆಟ್ಟಿಲ್ಲ ಎಂದರು, ಮಾವನಿಗೂ ಇಲ್ಲ, ಅಂಥ ಮನೆಯವಳೆಂದು ಸೊಸೆಗೂ ಇಲ್ಲ. ಇನ್ನು ಬೀಜದ ಧಣಿ? ಮಂತ್ರಿಗೆ ಮದ್ದು ಬಿದ್ದದ್ದು ಅವನ ತೋಟದ ಮನೆಯಲ್ಲೇ ಎಂದು ಪೇಟೆಯಲ್ಲಿ ಮಾತಾದ ಮೇಲೆ ಅವನ ಸಿಟ್ಟು ಕೇಳಬೇಕೆ? ಉಂಡ ಮನೆಗೆ ಕೆಟ್ಟ ಹೆಸರು ತಂದವನಿಗೆ ಟಿಕೆಟ್ ಕೊಡುವುದೆಲ್ಲಿ ಬಂತು ಎಂದು ಫೋನು ಎತ್ತುವುದನ್ನೇ ನಿಲ್ಲಿಸಿದ. ಅಷ್ಟು ಸರಕಾರಗಳನ್ನು ದಾಟಿ ಬಂದ ರಾಜಕೀಯ ಅಲ್ಲಿಗೆ ನಿಂತಿತು. ಪೇಪರಿನವರು ಬೀಳ್ಕೊಡುಗೆಯ ಲೇಖನದಲ್ಲೂ ಅದೇ ಹಳೆಯ ಬುತ್ತಿಯ ಫೋಟೊ ಹಾಕಿದರು.

ಅದೆಲ್ಲ ಆಮೇಲಿನ ಮಾತು. ಆ ಶನಿವಾರ ಕದರಮಂಡಲಗಿಯಿಂದ ಮನೆಗೆ ಬಂದಾಗ ಬೀರವ್ವನ ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು. ದಾರಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ಇಬ್ಬರು ಮೈಲೇಶನನ್ನು ಕರೆದು ಸಂಜೆ ಅಂಗಡಿ ತೆಗೀತೀಯೇನೋ, ಮಿರ್ಚಿ ತಿನ್ನದ ನಾಲಿಗಿ ಜಡ್ಡಗಟ್ಟೇತಿ ಎಂದು ಕೇಳಿದ್ದರು. ಅವನು ಮನೆಗೆ ಬಂದವನೇ ಎಣ್ಣೆ ಬಾಣಲೆ ಹುಡುಕುತ್ತಿದ್ದ. ಬೀರವ್ವ ಗೋಡೆಗೆ ಒರಗಿ ಕೂತಳು. ತನ್ನ ಒಲೆಯ ಕಡೆ ನೋಡಿದಳು. ಈ ಕೈಯಲ್ಲಿ ಇವತ್ತು ರೊಟ್ಟಿ ಬಡಿಯಲು ಆಗುವುದಿಲ್ಲ.

ಕಾವ್ಯಾ ತಾಟು ತಂದು ಮುಂದಿಟ್ಟಳು. ಬಿಸಿ ರೊಟ್ಟಿ, ಪುಂಡಿಪಲ್ಯ. ಬೀರವ್ವ ತಾಟನ್ನು ನೋಡಿದಳು. ಬೇಡ ಬೇಡವೆಂದರೂ ಅವಳ ಕಣ್ಣು ರೊಟ್ಟಿಯ ಅಂಚಿಗೆ ಹೋಯಿತು, ಪಲ್ಯದ ಬಣ್ಣಕ್ಕೆ ಹೋಯಿತು, ಅಲ್ಲಿಂದ ಸೊಸೆಯ ಮುಖಕ್ಕೆ ಹೋಯಿತು. ಕೈ ತೊಡೆಯ ಮೇಲೇ ಇತ್ತು.

ಕಾವ್ಯಾ ಆ ನೋಟವನ್ನು ನೋಡಿದಳು. ಅತ್ತೆಯ ಎದುರಿಗೆ ಕೂತು, ತಾಟಿನಿಂದ ಒಂದು ಚೂರು ರೊಟ್ಟಿ ಮುರಿದು, ಪಲ್ಯ ಹಚ್ಚಿ ತನ್ನ ಬಾಯಿಯ ಹತ್ತಿರ ಒಯ್ದಳು.

ತಾನು ಎಲ್ಲಿ ಕೂತಿದ್ದೇನೆ, ಯಾರ ಜಾಗದಲ್ಲಿ ಕೂತಿದ್ದೇನೆ ಎಂದು ಬೀರವ್ವನಿಗೆ ಕಂಡಿತು. ಸುಟ್ಟ ಕೈಯಿಂದಲೇ ಸೊಸೆಯ ಮಣಿಕಟ್ಟು ಹಿಡಿದಳು.

"ಬ್ಯಾಡವ್ವಾ," ಎಂದಳು. "ನನ್ನ ಮಗಳ, ಬ್ಯಾಡ."

ಆ ತುತ್ತನ್ನು ಕಾವ್ಯಾಳ ಬೆರಳುಗಳಿಂದಲೇ ಬಾಯಿಗೆ ಹಾಕಿಕೊಂಡಳು. ಅಗಿಯಲು ಆಗಲಿಲ್ಲ. ಅಳು ಬರುತ್ತಿತ್ತು. ಕಾವ್ಯಾ ಬೆನ್ನು ಸವರುತ್ತ ಇನ್ನೊಂದು ತುತ್ತು ಮುರಿದಳು.